ತೆಂಗಿನೆಣ್ಣೆಯಿಂದ ಲಿಕ್ವಿಡ್ ಸೋಪ್: ಮಾಟುಂಗದ ಅಡುಗೆಮನೆಯ ಅನುಭವ

ಸ್ನಾನದ ಸೋಪನ್ನು ತುರಿದು ಬಿಸಿನೀರಿನಲ್ಲಿ ಕರಗಿಸಿ ಬಾಟಲಿಗೆ ತುಂಬಿದರೆ ಲಿಕ್ವಿಡ್ ಸೋಪ್ ರೆಡಿ ಅನ್ನುವ ವಿಡಿಯೋಗಳು ಬೇಕಾದಷ್ಟಿವೆ. ಇನ್ನೊಂದು ಬಗೆ ಕಿಟ್ಟಿನದು. ಸ್ಲರಿ, ಎಸ್‌ಎಲ್‌ಇಎಸ್ ಅನ್ನುವ ತೊಳೆಯುವ ಕೆಮಿಕಲ್ಲುಗಳು, ಬಣ್ಣ, ಸೆಂಟು ಎಲ್ಲ ಬೇರೆ ಬೇರೆ ಪ್ಯಾಕೆಟ್ಟಿನಲ್ಲಿ ಬರುತ್ತದೆ, ಬಕೆಟ್ಟಿನಲ್ಲಿ ಕಲಸಿದರೆ ಮುಗಿಯಿತು. ಮೊದಲನೆಯದರಲ್ಲಿ ಸೋಪು ಮಾಡಿದವರು ಬೇರೆ ಯಾರೋ, ನಾವು ನೀರು ಬೆರೆಸಿದ್ದಷ್ಟೇ. ಎರಡನೆಯದು ಸೋಪೇ ಅಲ್ಲ, ಡಿಟರ್ಜೆಂಟು. ಎರಡನ್ನೂ ಬಿಟ್ಟು, ಎಣ್ಣೆಯಿಂದಲೇ ಶುರು ಮಾಡಿ ಬಾಟಲಿಗೆ ತುಂಬುವವರೆಗೆ ಮನೆಯಲ್ಲೇ ಮಾಡಬೇಕು ಅನ್ನುವುದು ನನ್ನ ಹಟವಾಗಿತ್ತು. ಅದು ಸಾಧ್ಯ. ಮುಂಬೈಯ ಮಾಟುಂಗದ ಪುಟ್ಟ ಅಡುಗೆಮನೆಯಲ್ಲೂ ಸಾಧ್ಯ. ಆದರೆ ನಾವು ಸಾರು ಹುಳಿ ಮಾಡುವ ಹಾಗೆ ಕಣ್ಣಳತೆಯಲ್ಲಿ ಮಾಡುವ ಕೆಲಸ ಇದಲ್ಲ. ಈ ಒಂದು ಮಾತು ತಲೆಯಲ್ಲಿ ಕೂತರೆ ಉಳಿದದ್ದೆಲ್ಲ ತಾಳ್ಮೆ ಇದ್ದರೆ ಆಗುತ್ತದೆ.

ಸೋಪು ತುರಿದು ಕರಗಿಸಿದರೆ ಏನಾಗುತ್ತದೆ ಅಂತ ಮೊದಲು ಹೇಳಿಬಿಡುತ್ತೇನೆ, ಯಾಕೆಂದರೆ ಬಹಳ ಜನ ಅಲ್ಲೇ ನಿರಾಸೆಯಾಗಿ ಕೈಬಿಡುತ್ತಾರೆ. ಬಿಲ್ಲೆ ಸೋಪು ಆಗುವುದು ಕಾಸ್ಟಿಕ್ ಸೋಡಾದಿಂದ, ಅಂದರೆ ಸೋಡಿಯಂ ಹೈಡ್ರಾಕ್ಸೈಡಿನಿಂದ. ಅದರ ಗುಣವೇ ಗಟ್ಟಿಯಾಗುವುದು. ಬಿಸಿನೀರಿನಲ್ಲಿ ಕರಗಿದ ಹಾಗೆ ಕಾಣುತ್ತದೆ, ಮಾರನೆಯ ದಿನ ನೋಡಿದರೆ ಬಾಟಲಿಯಲ್ಲಿ ಲೋಳೆಲೋಳೆಯಾಗಿ ನೂಲು ಎಳೆಯುತ್ತಿರುತ್ತದೆ, ಪಂಪಿನಲ್ಲಿ ಬರುವುದೇ ಇಲ್ಲ. ಲಿಕ್ವಿಡ್ ಸೋಪಿಗೆ ಬೇಕಾದದ್ದು ಕಾಸ್ಟಿಕ್ ಪೊಟ್ಯಾಶ್, ಪೊಟ್ಯಾಸಿಯಂ ಹೈಡ್ರಾಕ್ಸೈಡ್. ಮುಂದೆ ನಾನು ಪೊಟ್ಯಾಶ್, ಕ್ಷಾರ ಅನ್ನುವುದೆಲ್ಲ ಇದನ್ನೇ. ಅದರಿಂದ ಆದ ಸೋಪು ಮೆತ್ತಗಿರುತ್ತದೆ, ನೀರಿನಲ್ಲಿ ಚೆನ್ನಾಗಿ ಕರಗುತ್ತದೆ, ಕರಗಿದ ಮೇಲೆ ಕರಗಿಯೇ ಇರುತ್ತದೆ.

ನನಗೆ ಇದನ್ನು ಕಲಿಸಿದವರು ಮೇಲಿನ ಮಹಡಿಯ ಮಾವ. ನೆಂಟರಲ್ಲ, ನಮ್ಮ ಉಡುಪಿ ಕಡೆಯವರು. ತುರ್ಭೆಯ ಕಡೆ ಒಂದು ಕೆಮಿಕಲ್ ಕಂಪನಿಯ ಲ್ಯಾಬಿನಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಅವರ ಮುಂದೆ ನಾನು, "ಮಾವ, ಎಣ್ಣೆ ಒಂದು ಲೋಟ, ಪೊಟ್ಯಾಶ್ ಕಾಲು ಲೋಟ, ಅಂದಾಜು ಸರಿಯಾ?" ಅಂತ ಕೇಳಿದ್ದಕ್ಕೆ, "ಅಂದಾಜೆಲ್ಲ ನಿನ್ನ ಸಾರಿಗೆ ಇಟ್ಟುಕೋ ಮಾರಾಯ್ತಿ, ಇದಕ್ಕೆ ತಕ್ಕಡಿ ಬೇಕು. ತಕ್ಕಡಿ ಇಲ್ಲದಿದ್ದರೆ ಈ ಮನೆಯಲ್ಲಿ ಸೋಪು ಬೇಡ" ಅಂದರು. ಒಂದೊಂದು ಗ್ರಾಮಿನ ವ್ಯತ್ಯಾಸವನ್ನೂ ತೋರಿಸುವ ಡಿಜಿಟಲ್ ತಕ್ಕಡಿ ತಂದ ಮೇಲೆಯೇ ಅವರು ಮುಂದಿನ ಮಾತಾಡಿದ್ದು.

ತೂಕ ಯಾಕೆ ಅಷ್ಟು ಮುಖ್ಯ ಅಂದರೆ, ಒಂದೊಂದು ಎಣ್ಣೆಯೂ ಇಂತಿಷ್ಟೇ ಕ್ಷಾರವನ್ನು ತಿನ್ನುತ್ತದೆ. ಒಂದು ಗ್ರಾಂ ತೆಂಗಿನೆಣ್ಣೆ ಸೋಪಾಗಲು ಸುಮಾರು 0.257 ಗ್ರಾಂ ಪೊಟ್ಯಾಶ್ ಬೇಕು. ಶೇಂಗಾ ಎಣ್ಣೆಗೆ 0.192, ಹರಳೆಣ್ಣೆಗೆ 0.180. ಅಂದರೆ ತೆಂಗಿನೆಣ್ಣೆಯ ಲೆಕ್ಕ ಹಿಡಿದು ಶೇಂಗಾ ಎಣ್ಣೆಗೆ ಕ್ಷಾರ ಹಾಕಿದರೆ ಕೈ ಸುಡುವ ಸೋಪಾಗುತ್ತದೆ. ಉಲ್ಟಾ ಮಾಡಿದರೆ ಮೇಲೆ ಎಣ್ಣೆ ತೇಲುತ್ತದೆ. ಇನ್ನೊಂದು ಗಮನಿಸಬೇಕು, ನಾವು ಎಣ್ಣೆ ಕೊಳ್ಳುವುದು ಲೀಟರಿನ ಲೆಕ್ಕದಲ್ಲಿ. ಒಂದು ಲೀಟರ್ ಎಣ್ಣೆ ಒಂದು ಕಿಲೋ ತೂಗುವುದಿಲ್ಲ, 910 ಗ್ರಾಂ ಆಸುಪಾಸು ಬರುತ್ತದೆ. ಪ್ಯಾಕೆಟ್ಟಿನ ಮೇಲೂ ಬರೆದಿರುತ್ತದೆ, ನೋಡಿ.

ನಾನು ತೆಗೆದುಕೊಂಡದ್ದು 400 ಗ್ರಾಂ ತೆಂಗಿನೆಣ್ಣೆ, 50 ಗ್ರಾಂ ಶೇಂಗಾ ಎಣ್ಣೆ, 50 ಗ್ರಾಂ ಹರಳೆಣ್ಣೆ. ತೆಂಗಿನೆಣ್ಣೆ ಜಾಸ್ತಿ ಇರುವುದು ನೊರೆಗೆ. ತೆಂಗಿನೆಣ್ಣೆಯ ಸೋಪು ಸಮುದ್ರದ ಉಪ್ಪುನೀರಿನಲ್ಲೂ ನೊರೆ ಕೊಡುತ್ತದೆ, ಹಡಗಿನವರಿಗೆ ಅಂತಲೇ ಅಂಥ ಸೋಪು ಮಾಡುತ್ತಿದ್ದರು. ಆದರೆ ಬರೀ ತೆಂಗಿನೆಣ್ಣೆಯದು ಕೈಯನ್ನು ಒಣಗಿಸುತ್ತದೆ, ಅದಕ್ಕೇ ಶೇಂಗಾ. ಹರಳೆಣ್ಣೆ ಹಾಕಿದರೆ ನೊರೆ ಬೇಗ ಇಳಿಯುವುದಿಲ್ಲ, ಸೋಪು ತಿಳಿಯಾಗಿ ಕರಗುತ್ತದೆ. ನಮ್ಮತ್ತೆ ಊರಿಂದ ತರಿಸಿದ ಮುರುಗಲ ತುಪ್ಪ ಡಬ್ಬಿಯಲ್ಲಿತ್ತು, ಅದನ್ನೂ ಸ್ವಲ್ಪ ಹಾಕೋಣ ಅಂದರು. ಮಾವ ಬೇಡ ಅಂದರು. ಮುರುಗಲ ತುಪ್ಪ, ವನಸ್ಪತಿ, ಇಂಥ ಗಟ್ಟಿ ಕೊಬ್ಬು ಬಿಲ್ಲೆ ಸೋಪಿಗೆ ಒಳ್ಳೆಯದು. ಲಿಕ್ವಿಡ್ ಸೋಪಿನಲ್ಲಿ ಮಾತ್ರ ಬೆಳ್ಳಗೆ ಮಂಜು ಕಟ್ಟಿಕೊಂಡು ತಿಳಿಯಾಗುವುದೇ ಇಲ್ಲ.

ಲೆಕ್ಕ ಹೀಗೆ. 400ಕ್ಕೆ 102.8, ಶೇಂಗಾ 50ಕ್ಕೆ 9.6, ಹರಳೆಣ್ಣೆ 50ಕ್ಕೆ 9. ಒಟ್ಟು 121.4 ಗ್ರಾಂ. ಇದರಲ್ಲಿ ನೂರಕ್ಕೆ ಮೂರು ಪಾಲು ಕಡಿಮೆ ಮಾಡಬೇಕು, ಅಂದರೆ ಒಂಚೂರು ಎಣ್ಣೆ ಸೋಪಾಗದೆ ಉಳಿದು ಕ್ಷಾರ ಮಾತ್ರ ಪೂರ್ತಿ ಖರ್ಚಾಗಲಿ ಅಂತ. ಆಗ 117.8. ಬಿಲ್ಲೆ ಸೋಪು ಮಾಡುವವರು ಐದು, ಎಂಟು ಪಾಲು ಬಿಡುತ್ತಾರೆ, ಲಿಕ್ವಿಡ್ ಸೋಪಿನಲ್ಲಿ ಅಷ್ಟು ಬಿಟ್ಟರೆ ಆ ಎಣ್ಣೆ ಮೇಲೆ ಬಂದು ಕೂರುತ್ತದೆ. ಇಲ್ಲಿಗೆ ಮುಗಿಯಲಿಲ್ಲ. ಅಂಗಡಿಯಲ್ಲಿ ಸಿಗುವ ಪೊಟ್ಯಾಶ್ ನೂರಕ್ಕೆ ನೂರು ಶುದ್ಧ ಅಲ್ಲ. ನನ್ನ ಬಾಟಲಿಯ ಮೇಲೆ 85 ಪರ್ಸೆಂಟ್ ಅಂತ ಇತ್ತು, ಉಳಿದದ್ದು ಬಹುತೇಕ ನೀರು. ಹಾಗಾಗಿ 117.8ನ್ನು 0.85ರಿಂದ ಭಾಗಿಸಿದರೆ 138.6, ಅಂದರೆ 139 ಗ್ರಾಂ. ನೀರು ಅದರ ಮೂರು ಪಟ್ಟಿನ ಹತ್ತಿರ, 400 ಗ್ರಾಂ. ನಿಮ್ಮ ಬಾಟಲಿಯ ಮೇಲೆ 90 ಅಂತ ಇದ್ದರೆ ಈ 139 ನಿಮಗಲ್ಲ, ನಿಮ್ಮ ಲೆಕ್ಕ ನೀವೇ ಮಾಡಬೇಕು. ಬೇರೆಯವರ ರೆಸಿಪಿಯ ಅಂಕಿಯನ್ನು ಸುಮ್ನೆ ಎತ್ತಿಕೊಳ್ಳಬೇಡಿ, ನನ್ನದನ್ನೂ ಸೇರಿಸಿ.

ಪೊಟ್ಯಾಶ್ ಸಿಕ್ಕಿದ್ದು ಪ್ರಿನ್ಸೆಸ್ ಸ್ಟ್ರೀಟಿನಲ್ಲಿ. ಈಗಿನ ಹೆಸರು ಶಾಮಲ್‌ದಾಸ್ ಗಾಂಧಿ ಮಾರ್ಗ, ಆದರೆ ಟ್ಯಾಕ್ಸಿಯವರಿಗೆ ಹಳೆಯ ಹೆಸರೇ ಬೇಗ ಗೊತ್ತಾಗುತ್ತದೆ. ಅಲ್ಲಿ ಲ್ಯಾಬಿನ ಸಾಮಾನು, ಕೆಮಿಕಲ್ ಮಾರುವ ಅಂಗಡಿಗಳು ಸಾಲಾಗಿವೆ. ಅಂಗಡಿಯವರು ಯಾಕೆ ಬೇಕು ಅಂತ ಕೇಳಿದರು, ಸೋಪಿಗೆ ಅಂದೆ, ಗ್ಲೌಸ್ ಇದೆಯಾ ಅಂತ ಕೇಳಿದರು. ಈ ಪ್ರಶ್ನೆ ನನಗೆ ಇಷ್ಟವಾಯಿತು. ಪೆಲೆಟ್ ರೂಪದ ಅರ್ಧ ಕಿಲೋ ಬಾಟಲಿ ಕೊಂಡೆ. ಒಂದು ಮುಖ್ಯ ಮಾತು. ಹೋಗುವಾಗ ಲೋಕಲ್ ಟ್ರೇನಿನಲ್ಲಿ ಹೋಗಿ, ಬರುವಾಗ ಬೇಡ. ಸುಡುವ ಕೆಮಿಕಲ್ ರೈಲಿನಲ್ಲಿ ಒಯ್ಯುವಂತಿಲ್ಲ. ನಿಯಮ ಬಿಡಿ, ಆ ಜನಜಂಗುಳಿಯಲ್ಲಿ ಬಾಟಲಿ ಒಡೆದರೆ ಏನು ಗತಿ? ನಾನು ಬಾಟಲಿಯನ್ನು ಎರಡು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಸ್ಟೀಲ್ ಡಬ್ಬಿಯಲ್ಲಿ ನಿಲ್ಲಿಸಿ ಟ್ಯಾಕ್ಸಿಯಲ್ಲಿ ಮನೆಗೆ ತಂದೆ. ಎಣ್ಣೆಗೆ ಅಷ್ಟು ದೂರ ಹೋಗಬೇಕಾಗಿಲ್ಲ, ಮಾಟುಂಗ ಮಾರ್ಕೆಟ್ಟಿನಲ್ಲಿ ಒಳ್ಳೆಯ ತೆಂಗಿನೆಣ್ಣೆ ಸಿಗುತ್ತದೆ. ಕನರು ಬಂದ ಹಳೆಯ ಎಣ್ಣೆಯನ್ನು ಇದಕ್ಕೆ ಹಾಕಿ ಖಾಲಿ ಮಾಡೋಣ ಅನ್ನಬೇಡಿ, ವಾಸನೆ ಸೋಪಿನಲ್ಲೂ ಉಳಿಯುತ್ತದೆ.

ಮಳೆಗಾಲದಲ್ಲಿ ಈ ಕೆಲಸಕ್ಕೆ ಕೈಹಾಕದಿರುವುದು ಒಳ್ಳೆಯದು. ಪೊಟ್ಯಾಶ್ ಗಾಳಿಯ ತೇವವನ್ನು ಎಷ್ಟು ಬೇಗ ಹೀರುತ್ತದೆ ಅಂದರೆ, ಮುಚ್ಚಳ ತೆಗೆದಿಟ್ಟರೆ ನೋಡನೋಡುತ್ತಲೇ ಪೆಲೆಟ್ಟುಗಳು ಒದ್ದೆಯಾಗಿ ಒಂದಕ್ಕೊಂದು ಅಂಟುತ್ತವೆ. ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡನ್ನೂ ಹೀರಿ ಶಕ್ತಿ ಕಳೆದುಕೊಳ್ಳುತ್ತದೆ. ಆಗ ತಕ್ಕಡಿ 139 ಅಂತ ತೋರಿಸಿದರೂ ನಿಜವಾಗಿ ಇರುವುದು ಅದಕ್ಕಿಂತ ಕಡಿಮೆ. ಜುಲೈ ತಿಂಗಳ ಮುಂಬೈ ಗಾಳಿ ಹೇಗಿರುತ್ತದೆ ಅಂತ ಹೇಳಬೇಕಾಗಿಲ್ಲ, ಅಲ್ವಾ? ಡಿಸೆಂಬರ್, ಜನವರಿ ಒಳ್ಳೆಯದು. ಆಗಲೂ ತೂಗಿದ ತಕ್ಷಣ ಮುಚ್ಚಳ ಬಿಗಿಯಬೇಕು.

ಸುರಕ್ಷೆಯ ಮಾತನ್ನು ಬೇಗ ಮುಗಿಸುವುದು ನನಗೆ ಇಷ್ಟವಿಲ್ಲ. ಇದು ಚರ್ಮ ಸುಡುತ್ತದೆ, ಕಣ್ಣಿಗೆ ಬಿದ್ದರೆ ದೃಷ್ಟಿಯೇ ಹೋಗಬಹುದು. ಕಣ್ಣನ್ನು ಸುತ್ತಲೂ ಮುಚ್ಚುವ ಗಾಗಲ್ಸ್ ಬೇಕು, ಮಾಮೂಲಿ ಕನ್ನಡಕ ಸಾಲದು. ಉದ್ದ ರಬ್ಬರ್ ಗ್ಲೌಸ್, ಪೂರ್ತಿ ತೋಳಿನ ಬಟ್ಟೆ, ಕಾಲು ಮುಚ್ಚುವ ಚಪ್ಪಲಿ. ಮಕ್ಕಳು ಮನೆಯಲ್ಲಿ ಇಲ್ಲದ ಹೊತ್ತು ನೋಡಿಕೊಳ್ಳಿ. ಪಾತ್ರೆ ಸ್ಟೀಲಿನದೇ ಆಗಬೇಕು. ಹಿಂಡಾಲಿಯಂ, ಅಲ್ಯೂಮಿನಿಯಂ ಪಾತ್ರೆಯನ್ನು ಹತ್ತಿರ ತರಬೇಡಿ, ಕ್ಷಾರ ಅದನ್ನು ತಿನ್ನುತ್ತದೆ, ಬೆಂಕಿ ಹಿಡಿಯುವ ಹೈಡ್ರೋಜನ್ ಗ್ಯಾಸ್ ಹೊರಡುತ್ತದೆ. ಸೋಪಿಗೆ ಬಳಸಿದ ಪಾತ್ರೆ, ಸೌಟು, ಬ್ಲೆಂಡರ್ ಮತ್ತೆ ಅಡುಗೆಗೆ ಬೇಡ. ಮೈಮೇಲೆ ಹನಿ ಬಿದ್ದರೆ ನಲ್ಲಿ ನೀರಿನ ಕೆಳಗೆ ಹಿಡಿದು ಕನಿಷ್ಠ ಇಪ್ಪತ್ತು ನಿಮಿಷ ತೊಳೆಯುವುದೇ ಔಷಧ. ವಿನೆಗರ್ ಸುರಿಯಿರಿ ಅನ್ನುವವರ ಮಾತು ಕೇಳಬೇಡಿ. ಕಣ್ಣಿಗೆ ಬಿದ್ದರೆ ಹಾಗೇ ತೊಳೆಯುತ್ತಾ ಆಸ್ಪತ್ರೆಗೆ ಹೊರಡಲು ಏರ್ಪಾಟು ಮಾಡಿಕೊಳ್ಳಬೇಕು. ನಮ್ಮ ಕಡೆ ನೀರು ಬರುವುದಕ್ಕೆ ಟೈಮಿದೆ, ಆದ್ದರಿಂದ ಕೆಲಸ ಶುರು ಮಾಡುವ ಮೊದಲು ಬಕೆಟ್ ತುಂಬಿಸಿ ಪಕ್ಕದಲ್ಲೇ ಇಟ್ಟುಕೊಂಡೆ.

ಇನ್ನು ಕೆಲಸ. 400 ಗ್ರಾಂ ಡಿಸ್ಟಿಲ್ಡ್ ವಾಟರ್ ಸ್ಟೀಲ್ ಪಾತ್ರೆಯಲ್ಲಿ, ಕಿಟಕಿಯ ಹತ್ತಿರ. ಅದಕ್ಕೆ ಪೊಟ್ಯಾಶನ್ನು ಸ್ವಲ್ಪಸ್ವಲ್ಪವೇ ಹಾಕುತ್ತಾ ಬಂದೆ. ಯಾವಾಗಲೂ ನೀರಿಗೆ ಪೊಟ್ಯಾಶ್, ಪೊಟ್ಯಾಶಿಗೆ ನೀರು ಎಂದಿಗೂ ಅಲ್ಲ, ಒಮ್ಮೆಲೇ ಕುದಿದು ಮುಖಕ್ಕೆ ಸಿಡಿಯುತ್ತದೆ. ಹಾಕುತ್ತಿದ್ದಂತೆ ಚಟಪಟ ಸದ್ದು ಬಂತು, ಆವಿ ಎದ್ದಿತು. ಒಲೆ ಹಚ್ಚಿಲ್ಲ, ಆದರೂ ಪಾತ್ರೆ ಮುಟ್ಟಲಾರದಷ್ಟು ಬಿಸಿ. ಪುಸ್ತಕದಲ್ಲಿ ಓದಿ ಗೊತ್ತಿದ್ದರೂ ಕಣ್ಣೆದುರು ನೋಡಿದಾಗ ಎದೆ ಸ್ವಲ್ಪ ಜೋರಾಗಿ ಹೊಡೆದುಕೊಂಡಿತು. ಮಾವ ಬಾಗಿಲಲ್ಲಿ ನಿಂತು, "ಆವಿ ಕುಡಿಯಬೇಡ, ಮುಖ ಆಚೆ ಇಟ್ಟುಕೋ" ಅನ್ನುತ್ತಲೇ ಇದ್ದರು.

ಇನ್ನೊಂದು ಪಾತ್ರೆಯಲ್ಲಿ ಮೂರೂ ಎಣ್ಣೆ ಸೇರಿಸಿ ಸುಮಾರು 70 ಡಿಗ್ರಿಗೆ ಬಿಸಿ ಮಾಡಿ, ಕ್ಷಾರದ ನೀರನ್ನು ಸಣ್ಣ ಧಾರೆಯಲ್ಲಿ ಬಿಟ್ಟೆ. ಎಣ್ಣೆಗೆ ಕ್ಷಾರ ಬೀಳುತ್ತಲೇ ಬೆಳ್ಳಗಾಯಿತು. ಹ್ಯಾಂಡ್ ಬ್ಲೆಂಡರನ್ನು ಪೂರ್ತಿ ಮುಳುಗಿಸಿ ಇಟ್ಟು ಆಮೇಲೆಯೇ ಸ್ವಿಚ್ ಹಾಕಬೇಕು, ಇಲ್ಲದಿದ್ದರೆ ಸಿಡಿಯುತ್ತದೆ. ಒಂದು ನಿಮಿಷ ಓಡಿಸುವುದು, ನಿಲ್ಲಿಸುವುದು, ಸೌಟಿನಿಂದ ತಿರುವುವುದು. ಬಿಡದೆ ಓಡಿಸಿದರೆ ಮೋಟರ್ ಸುಟ್ಟುಹೋಗುತ್ತದೆ. ಬಹಳ ಹೊತ್ತು ಏನೂ ಆಗಲಿಲ್ಲ. ಕಲಸಿದಾಗ ಕೂಡುತ್ತದೆ, ನಿಲ್ಲಿಸಿದರೆ ಎಣ್ಣೆ ಮೇಲೆ ಬರುತ್ತದೆ. ಹೊಸಬರು ಕೈಬಿಡುವುದು ಇಲ್ಲೇ. ಎಣ್ಣೆ ಒಡೆದಿದೆ, ಕೆಟ್ಟುಹೋಯಿತು ಅಂತ ಅನ್ನಿಸುತ್ತದೆ, ಆದರೆ ಕೆಟ್ಟಿರುವುದಿಲ್ಲ. ಎಣ್ಣೆ ಮತ್ತು ನೀರು ಒಂದನ್ನೊಂದು ಸೇರಲು ಒಲ್ಲವು, ಸ್ವಲ್ಪ ಸೋಪು ಹುಟ್ಟಿದ ಮೇಲೆ ಆ ಸೋಪೇ ಎರಡನ್ನೂ ಸೇರಿಸುತ್ತದೆ, ಅಲ್ಲಿಂದ ಕೆಲಸ ಓಡುತ್ತದೆ. ಹಾಗೇ ಆಯಿತು. ಒಮ್ಮೆ ದಪ್ಪವಾಗಲು ಶುರುವಾದದ್ದು ಕೆಲವೇ ನಿಮಿಷದಲ್ಲಿ ಬ್ಲೆಂಡರ್ ತಿರುಗದಷ್ಟು ಗಟ್ಟಿಯಾಯಿತು.

ಅಲ್ಲಿಂದ ಬೇಯಿಸುವುದು. ನೇರ ಉರಿಯ ಮೇಲಲ್ಲ. ದೊಡ್ಡ ಪಾತ್ರೆಯಲ್ಲಿ ನೀರು ಕುದಿಯಲಿಟ್ಟು ಅದರೊಳಗೆ ಸೋಪಿನ ಪಾತ್ರೆ ಇಳಿಸಿ, ಮುಚ್ಚಿ, ಅರ್ಧ ಗಂಟೆಗೊಮ್ಮೆ ಮರದ ಸೌಟಿನಿಂದ ತಳದವರೆಗೆ ತಿರುವಬೇಕು. ಮೂರು ಗಂಟೆಯ ಹತ್ತಿರ ಬೇಕಾಯಿತು. ಹೊರಗಿನ ನೀರು ಬತ್ತದಂತೆ ನೋಡಿಕೊಳ್ಳಬೇಕು, ಸೋಪು ಉಕ್ಕಿ ಬರಬಹುದು, ಅದಕ್ಕೆ ಪಾತ್ರೆ ಅರ್ಧಕ್ಕಿಂತ ಜಾಸ್ತಿ ತುಂಬಿರಬಾರದು. ಮೊದಲು ಬಿಳಿ ಮುದ್ದೆ, ಆಮೇಲೆ ಅಲ್ಲಲ್ಲಿ ಗಾಜಿನ ಬಣ್ಣ, ಕೊನೆಗೆ ಇಡೀ ಮುದ್ದೆ ಕಾಶಿ ಹಲ್ವದ ಹಾಗೆ ಹೊಳೆಯುತ್ತಾ ಪಾತ್ರೆಯ ಬದಿ ಬಿಡಲು ಶುರುವಾಯಿತು. ಆ ಹೊಳಪು ನೋಡಿದ ಸಂತೋಷ ಇದೆಯಲ್ಲ, ಅದು ಅಂಗಡಿಯ ಯಾವ ಬಾಟಲಿಯಲ್ಲೂ ಸಿಗುವುದಿಲ್ಲ! ಎಣ್ಣೆಯಲ್ಲಿ ಇರುವ ಗ್ಲಿಸರಿನ್ ಕೂಡ ಇದರಲ್ಲೇ ಉಳಿದಿರುತ್ತದೆ. ದೊಡ್ಡ ಫ್ಯಾಕ್ಟರಿಗಳಲ್ಲಿ ಅದನ್ನು ಬಹಳಷ್ಟು ಬೇರೆ ತೆಗೆದು ಮಾರುತ್ತಾರೆ.

ಬೆಂದಿದೆಯೇ ಅಂತ ನೋಡಲು ಒಂದು ಚಮಚ ಮುದ್ದೆಯನ್ನು ಎರಡು ಚಮಚ ಬಿಸಿ ಡಿಸ್ಟಿಲ್ಡ್ ನೀರಿನಲ್ಲಿ ಕರಗಿಸಿ ಗಾಜಿನ ಲೋಟದಲ್ಲಿ ಆರಲು ಬಿಟ್ಟೆ. ಆರಿದ ಮೇಲೂ ತಿಳಿಯಾಗಿದ್ದರೆ ಆಗಬೇಕಾದಷ್ಟು ಎಣ್ಣೆ ಸೋಪಾಗಿದೆ. ಬೆಳ್ಳಗೆ ಕದಡಿದ್ದರೆ ಇನ್ನೂ ಬೇಯಬೇಕು. ಇದು ಎಣ್ಣೆಯ ಪರೀಕ್ಷೆ. ಕ್ಷಾರ ಉಳಿದಿದೆಯೇ ಅಂತ ನೋಡಲು ಮಾವ ಫಿನಾಲ್ಫ್ಥಲೀನ್ ಹನಿ ಹಾಕಿದರು. ಕಡುಗುಲಾಬಿ ಬಂದರೆ ಕ್ಷಾರ ಜಾಸ್ತಿ ಇದೆ ಅಂತ, ತೀರಾ ನಸುಗುಲಾಬಿ ಆದರೆ ಪರವಾಗಿಲ್ಲ. ನಮ್ಮದು ನಸುಗುಲಾಬಿ. ನಾಲಿಗೆಗೆ ಮುಟ್ಟಿಸಿ ನೋಡುವ ಪದ್ಧತಿಯೂ ಇದೆ, ಹೊಸಬರಿಗೆ ಅದು ಬೇಡವೇ ಬೇಡ.

ಈಗ ಕೈಯಲ್ಲಿ ಸುಮಾರು ಒಂದು ಕಿಲೋ ಮುದ್ದೆ. ಅದಕ್ಕೆ ಅಷ್ಟೇ ತೂಕದ ಕುದಿಯುವ ನೀರು ಹಾಕಿ, ದೊಡ್ಡ ಗಂಟುಗಳನ್ನು ಒಡೆದು, ಮುಚ್ಚಿ ರಾತ್ರಿಯಿಡೀ ಬಿಟ್ಟೆ. ಕಲಸುತ್ತಾ ಕೂತರೆ ಬರೀ ನೊರೆ. ಬೆಳಗ್ಗೆ ಮೇಲೆ ಕೆನೆ ಕಟ್ಟಿದ್ದರೆ ನೀರು ಇನ್ನೂ ಸಾಲದು ಅಂತ ಅರ್ಥ, ಸ್ವಲ್ಪ ಸೇರಿಸಬೇಕು. ನೀರು ಜಾಸ್ತಿಯಾದರೆ ವಾಪಸ್ ತೆಗೆಯಲಾಗದು, ಆದ್ದರಿಂದ ಕಡಿಮೆಯಿಂದ ಶುರು ಮಾಡುವುದೇ ವಾಸಿ. ಕರಗಿಸಲು ನಲ್ಲಿ ನೀರು ಆಗುತ್ತದೆಯೇ ಅಂದರೆ, ಮುಂಬೈಯ ನೀರು ಭಾತ್ಸಾ, ತಾನ್ಸಾ, ವೈತರಣಾ ಜಲಾಶಯಗಳ ಮಳೆನೀರು, ಬಹಳ ಮೆದು. ಕೈ ತೊಳೆಯುವಾಗ ಅದು ನಮಗೆ ಅನುಕೂಲ. ಟ್ಯಾಂಕರಿನ ಬೋರ್‌ವೆಲ್ ನೀರು ಹಾಗಲ್ಲ. ಅದರಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಸೋಪಿನ ಜೊತೆ ಸೇರಿ ಬಿಳಿ ಗಸಿ ಕಟ್ಟುತ್ತದೆ, ನೊರೆ ಸಾಯುತ್ತದೆ. ನಾನಂತೂ ಮಾಡುವುದಕ್ಕೆ ಡಿಸ್ಟಿಲ್ಡ್ ನೀರೇ ಬಳಸುತ್ತೇನೆ.

ಸೋಪು ತಿಳಿ ಹಳದಿ ಬಣ್ಣಕ್ಕೆ ಬಂತು, ತೆಳ್ಳಗಿತ್ತು. ಅಂಗಡಿಯ ಹ್ಯಾಂಡ್‌ವಾಶ್ ಹಾಗೆ ಮಂದವಾಗಿ ಸುರಿಯುವುದಿಲ್ಲ. ಅದರಿಂದ ಬೇಸರ ಪಡಬೇಡಿ. ಆ ಮಂದತನ ಬರುವುದು ಬೇರೆ ಹಾಕಿದ ವಸ್ತುವಿನಿಂದ, ತೊಳೆಯುವ ಶಕ್ತಿಗೂ ಅದಕ್ಕೂ ಸಂಬಂಧವಿಲ್ಲ. ಉಪ್ಪುನೀರು ಹಾಕಿದರೆ ದಪ್ಪವಾಗುತ್ತದೆ ಅಂತ ಹೇಳುವವರಿದ್ದಾರೆ. ಆಲಿವ್ ಎಣ್ಣೆ ಜಾಸ್ತಿ ಇರುವ ಸೋಪಿಗೆ ಆ ಮಾತು ಸರಿ, ತೆಂಗಿನೆಣ್ಣೆಯದಕ್ಕೆ ನಡೆಯುವುದಿಲ್ಲ. ನಾನು ನೊರೆ ಬರುವ ಪಂಪಿನ ಬಾಟಲಿ ತಂದೆ, ತೆಳು ಸೋಪಿಗೆ ಅದೇ ಸರಿ.

ನಿಂಬೆರಸ ಹಾಕಿದರೆ ಒಳ್ಳೆಯದಲ್ವಾ ಅಂತ ಅತ್ತೆ ಕೇಳಿದರು, ಎಲ್ಲರೂ ಕೇಳುತ್ತಾರೆ. ಹಾಕಬಾರದು. ಹುಳಿ ಬಿದ್ದರೆ ಸೋಪು ಒಡೆದು ಮತ್ತೆ ಕೊಬ್ಬಿನ ಆಮ್ಲವಾಗುತ್ತದೆ, ಬೆಳ್ಳಗೆ ಕದಡುತ್ತದೆ. ತುಳಸಿ ಕಷಾಯ, ಲೋಳೆಸರ, ಹಾಲು ಇವೂ ಬೇಡ, ಪ್ರಿಸರ್ವೇಟಿವ್ ಇಲ್ಲದೆ ಕೊಳೆಯುತ್ತವೆ. ವಾಸನೆಗೆ ಮಜ್ಜಿಗೆ ಹುಲ್ಲಿನ ಎಣ್ಣೆಯನ್ನು ನೂರು ಗ್ರಾಂ ಸೋಪಿಗೆ ಅರ್ಧ ಗ್ರಾಮಿನ ಲೆಕ್ಕದಲ್ಲಿ, ಪೂರ್ತಿ ಆರಿದ ಮೇಲೆ ಹಾಕಿದೆ. ಒಂದು ವಾರ ಅಲ್ಲಾಡಿಸದೆ ಇಟ್ಟಾಗ ಸಣ್ಣ ಕದಡು ಕೆಳಗೆ ಕೂತಿತು, ಮೇಲಿನದನ್ನು ಬಗ್ಗಿಸಿಕೊಂಡೆ.

ಬಳಸಿ ನೋಡಿದ ಮೇಲೆ ನನ್ನ ಅಭಿಪ್ರಾಯ ಹೇಳುತ್ತೇನೆ. ಕೈಗೆ ಬಹಳ ಚೆನ್ನಾಗಿದೆ, ಮೈಗೂ ಆಗುತ್ತದೆ. ತಲೆಗೆ ಬೇಡ. ನಿಜವಾದ ಸೋಪು ಯಾವುದೇ ಆಗಲಿ ಅದರ ಪಿಎಚ್, ಅಂದರೆ ಕ್ಷಾರ ಗುಣದ ಅಳತೆ, 9, 10ರ ಹತ್ತಿರ ಇರುತ್ತದೆ, ಕೂದಲು ಒರಟಾಗುತ್ತದೆ, ತಲೆಗೆ ನಮ್ಮ ಸೀಗೆಕಾಯಿಯೇ ಇರಲಿ. ಪಾತ್ರೆಗೆ ಬಳಸಬಹುದು, ಆದರೆ ಒಣಗಿದ ಜಿಡ್ಡಿಗೆ ಅಂಗಡಿಯ ಲಿಕ್ವಿಡ್ಡಿನಷ್ಟು ಚುರುಕಲ್ಲ. ಹಣ ಉಳಿಯುತ್ತದೆ ಅನ್ನುವ ಆಸೆಯಿಂದ ಮಾತ್ರ ಮಾಡುವುದಾದರೆ ಬಿಡಿ. ತೆಂಗಿನೆಣ್ಣೆಯ ಈಗಿನ ರೇಟಿಗೆ ರಿಫಿಲ್ ಪ್ಯಾಕೆಟ್ಟೇ ಅಗ್ಗ. ಏನೇನು ಹಾಕಿದ್ದೇನೆ ಅಂತ ನನಗೆ ಗೊತ್ತಿರುವ ಸೋಪು ಬೇಕು ಅನ್ನುವವರಿಗೆ ಇದು.

ಕೆಳಗಿನ ಮನೆಯ ಕಾಕು ಒಂದು ಬಾಟಲಿ ಒಯ್ದು ಬಳಸಿ, ಇಷ್ಟು ಚೆನ್ನಾಗಿದೆ, ಗಣಪತಿ ಹಬ್ಬದ ಸ್ಟಾಲಿನಲ್ಲಿ ಮಾರಬಾರದೇ ಅಂದರು. ಮಾರುವುದು ಬೇರೆಯೇ ವಿಷಯ. ಮೈಗೆ ಹಚ್ಚುವ ವಸ್ತು ಮಾಡಿ ಮಾರಲು 2020ರ ಕಾಸ್ಮೆಟಿಕ್ಸ್ ನಿಯಮದ ಪ್ರಕಾರ ರಾಜ್ಯದ ಅಧಿಕಾರಿಗಳಿಂದ ಲೈಸೆನ್ಸ್ ಬೇಕು, ಮಹಾರಾಷ್ಟ್ರದಲ್ಲಿ ಅದು ಆಹಾರ ಮತ್ತು ಔಷಧ ಇಲಾಖೆ, ಅಂದರೆ ಎಫ್‌ಡಿಎ. ಮನೆಗೆ ಮಾಡಿಕೊಳ್ಳುವುದಕ್ಕೂ ಅದಕ್ಕೂ ಬಹಳ ಅಂತರವಿದೆ, ಸುಮ್ನೆ ಇಳಿಯಬೇಡಿ. ಕಾಕುವಿಗೆ ಲೆಕ್ಕ ಬರೆದುಕೊಟ್ಟಿದ್ದೇನೆ, ತಕ್ಕಡಿ ಕೊಳ್ಳಿ ಅಂತಲೂ ಹೇಳಿದ್ದೇನೆ. ಉಳಿದ ಪೊಟ್ಯಾಶ್ ಬಾಟಲಿಯ ಬಾಯಿಗೆ ಟೇಪು ಸುತ್ತಿ, ಚೀಲದಲ್ಲಿ ಕಟ್ಟಿ, ಕೆಂಪು ಪೆನ್ನಿನಲ್ಲಿ ವಿಷ ಅಂತ ಕನ್ನಡ, ಮರಾಠಿ ಎರಡರಲ್ಲೂ ಬರೆದು ಬೀಗದ ಕಪಾಟಿನಲ್ಲಿಟ್ಟಿದ್ದೇನೆ. ಮುಂದಿನ ಸಲ ತೆಂಗಿನೆಣ್ಣೆ ಕಡಿಮೆ ಮಾಡಿ ಶೇಂಗಾ ಜಾಸ್ತಿ ಹಾಕಿ, ಮಂದ ಬರುತ್ತದೆಯೇ ಅಂತ ನೋಡಬೇಕು. ಆಗ ಪೊಟ್ಯಾಶಿನ ಲೆಕ್ಕ ಮೊದಲಿನಿಂದ ಹಾಕಬೇಕಾಗುತ್ತದೆ.